ಅಳತಿಗೆ ಕೊಟ್ಟ ಕುಪ್ಪಸ

ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿಯಬೇಕು, ಹತ್ತರವರೆಗೆ ಎಣಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಗದುಗಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಆದರೆ ಹೋದ ದಸರೆಯ ಮುಂಚೆ ಮುಂಡರಗಿಯ ತವರುಮನೆಯಲ್ಲಿ ಒಂದು ಹಳೆಯ ಕುಪ್ಪಸ ಕಣ್ಣಿಗೆ ಬಿದ್ದಾಗ ನಾನು ನೀರನ್ನೂ ಕುಡಿಯಲಿಲ್ಲ, ಹತ್ತನ್ನೂ ಎಣಿಸಲಿಲ್ಲ. ವೈನಿಯ ಕೈಯಿಂದ ಅದನ್ನು ಕಸಿದು ಅಂಗಳಕ್ಕೆ ಒಗೆದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಶಾಂತಾ. ಹಬ್ಬಕ್ಕೆ ಮನೆಗೆ ಬಣ್ಣ ಹಚ್ಚುವುದಿತ್ತು, ಟ್ರಂಕು ಖಾಲಿ ಮಾಡಲು ನನ್ನನ್ನು ಕರೆಸಿಕೊಂಡಿದ್ದಳು. ತೀರಿಹೋದ ಅವ್ವನ ಟ್ರಂಕಿನ ತಳದಿಂದ ಅವಳು ಈ ಕುಪ್ಪಸ ಎಳೆದು ತೆಗೆದದ್ದೇ ತಡ, ನನ್ನ ಅವತಾರ ನೋಡಿ ಬೆಚ್ಚಿಬಿದ್ದಳು.

“ಯಾಕಬೇ ಸುಮಾ, ಏನಾತು? ಹಾವು ಕಂಡಂಗ ಮಾಡಿದೆಲ್ಲ!”

“ಅದನ್ನ ಯಾಕ ಇನ್ನೂ ಇಟ್ಟೀರಿ ಈ ಮನ್ಯಾಗ?”

“ನನಗೇನ ಗೊತ್ತು? ಅತ್ತಿಯವರ ಇಟ್ಟಿದ್ದು. ಹಳೇ ಕುಪ್ಪಸಕ್ಕ ಇಷ್ಟ್ಯಾಕ ಸಿಟ್ಟು ನಿನಗ?”

ಹೇಳುತ್ತೇನೆ. ನೀವೂ ಕೇಳಿ. ಮೊದಲು ಸ್ವಲ್ಪ ನಗು ಬರುತ್ತದೆ, ನಕ್ಕುಬಿಡಿ. ನಾನೂ ಎಷ್ಟೋ ವರ್ಷ ಇದನ್ನು ನಗುವ ಕತೆ ಎಂದೇ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಅರ್ಧ ಮಾತ್ರ.

ನಮ್ಮ ಮನೆಯಲ್ಲಿ ಆಗ ನಾಲ್ಕು ಜನ ಹೆಂಗಸರು. ಅಜ್ಜಿ, ಅವ್ವ, ಚಿಗವ್ವ, ನಾನು. ಅವ್ವ ಮತ್ತು ಚಿಗವ್ವ ಒಡಹುಟ್ಟಿದವರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಹೊಸ್ತಿಲು ತುಳಿದು ಬಂದವರು. ಈ ನಾಲ್ಕೂ ಜನಕ್ಕೆ ಇದ್ದದ್ದು ಒಂದೇ ಅಳತಿ ಕುಪ್ಪಸ. ಬಜಾರದಲ್ಲಿ ಸಿಂಪಿಗೇರ ಈರಣ್ಣ ಅಂತ ಇದ್ದ, ನಮ್ಮ ಬಟ್ಟೆಯನ್ನೆಲ್ಲ ಹೊಲಿಯುವವನು ಅವನೇ. ಹೊಸ ಖಣ ತಂದಾಗಲೆಲ್ಲ ಆ ಒಂದು ಕುಪ್ಪಸವನ್ನು ಚೀಲದಲ್ಲಿ ಹಾಕಿ ಅವನಿಗೆ ಕೊಡುವುದು, “ಇದರ ಅಳತಿಗೆ ಹೊಲಿ” ಎಂದು ಬರುವುದು. ಮೈ ಅಳತೆ ಕೊಡುವ ಮಾತೇ ಇಲ್ಲ.

ಅಜ್ಜಿಯ ಕಾನೂನು ಅದು. “ಗಂಡಸು ಟೇಪ ಹಿಡದು ಅಳೀತಾನಂದ್ರ ಅಂಥಾ ಕುಪ್ಪಸ ತೊಡೂದಕಿಂತ ಕೌದಿ ಹೊತಗೊಂಡು ಕುಂಡ್ರೂದ ಚೊಲೊ” ಎನ್ನುತ್ತಿದ್ದಳು. ಕುಪ್ಪಸ ಅವ್ವನದು, ಅವಳು ಗುಂಡಗೆ. ಅಜ್ಜಿ ಒಣಗಿದ ಜಾಲಿಕಟ್ಟಿಗೆ. ಚಿಗವ್ವ ಎತ್ತರದ ಆಳು. ನಾನೋ, ಗಾಳಿ ಬಂದರೆ ಗೋಡೆ ಹಿಡಿದು ನಿಲ್ಲಬೇಕಾದವಳು. ನಾಲ್ಕೂ ಜನಕ್ಕೆ ಒಂದೇ ಮೈ ಎಂದು ದೇವರಿಗೇ ಆರ್ಡರು ಕೊಟ್ಟ ಹಾಗೆ ವರ್ಷಗಟ್ಟಲೆ ಹೊಲಿಸಿದೆವು. ಅಜ್ಜಿಯ ಕುಪ್ಪಸ ಹೆಗಲಿನಿಂದ ಜಾರುತ್ತಿತ್ತು, ಚಿಗವ್ವನ ತೋಳು ಮೊಣಕೈ ಮುಟ್ಟುತ್ತಿರಲಿಲ್ಲ, ನಾನು ಎರಡೂ ಬಗಲಿಗೆ ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಒಮ್ಮೆ ಪಾಪ ಈರಣ್ಣ ಧೈರ್ಯ ಮಾಡಿ, “ನಿಮ್ಮ ಮನ್ಯಾಗ ಎಲ್ಲಾರೂ ಒಂದ ಮೈಕಟ್ಟಿನವರೇನ್ರಿ?” ಎಂದು ಕೇಳಿಬಿಟ್ಟ. ಅಜ್ಜಿ ಆರು ತಿಂಗಳು ಅವನ ಅಂಗಡಿಗೆ ಒಂದು ಚಿಂದಿಯನ್ನೂ ಕಳಿಸಲಿಲ್ಲ.

ಇಲ್ಲಿಯವರೆಗೆ ನಗುವ ಕತೆ. ಸ್ಟಾಫ್ ರೂಮಿನಲ್ಲಿ ನಾನು ನಿಲ್ಲಿಸುತ್ತಿದ್ದದ್ದು ಇಲ್ಲಿಯೇ.

ನಾನು ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದ ವರ್ಷ. ಪಂಚಮಿಗೆ ಹೊಸ ಕುಪ್ಪಸ ಹೊಲಿಸಬೇಕಿತ್ತು, ಚೀಲ ಒಯ್ಯುವ ಪಾಳಿ ನನ್ನದು. ಅಳತಿ ಕುಪ್ಪಸ ತೆಗೆದು ನೋಡಿದರೆ ಎಡಗಡೆ ಬಗಲಿನ ಹೊಲಿಗೆ ಬಿಚ್ಚಿದೆ. ಹರಿದದ್ದಲ್ಲ. ಯಾರೋ ಒಂದೊಂದೇ ಎಳೆ ಬಿಚ್ಚಿ, ಎರಡು ಬೆರಳು ಸಡಿಲು ಮಾಡಿ, ಮೇಲೆ ಕೈಯಲ್ಲೇ ಉದ್ದುದ್ದ ಹೊಲಿಗೆ ಹಾಕಿದ್ದರು. ಬಲಗಡೆ ಇದ್ದ ಹಾಗೇ ಇತ್ತು. ನಾನು ಓದಿದವಳಲ್ಲವೇ? ಶಾಣ್ಯಾಕಿ. ಯಾರು ಬಿಚ್ಚಿದರು, ಯಾಕೆ ಬಿಚ್ಚಿದರು, ಅದೂ ಒಂದೇ ಕಡೆ ಯಾಕೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಅಳತೆ ಕೆಡಿಸಿದ್ದಾರಲ್ಲ ಎಂದು ಬೈದುಕೊಂಡು, ಸೂಜಿ ದಾರ ತೆಗೆದುಕೊಂಡು, ಮೊದಲಿನ ಗೆರೆಗೆ ಸರಿಯಾಗಿ ಬಿಗಿದು ಹೊಲಿದೆ. ಹೊಲಿಗೆ ಎಷ್ಟು ನೆಟ್ಟಗೆ ಬಂತೆಂದರೆ ಅವ್ವನಿಗೆ ತೋರಿಸಿ ಶಭಾಷ್ ಅನ್ನಿಸಿಕೊಂಡೆ. ಚಿಗವ್ವ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ನೋಡಿದಳು, ಏನೂ ಅನ್ನಲಿಲ್ಲ.

ಹೊಸ ಕುಪ್ಪಸ ಬಂದವು. ಚಿಗವ್ವ ಪಂಚಮಿಗೆ ಅದನ್ನೇ ತೊಟ್ಟಳು. ಉಂಡಿ ಕಟ್ಟುವಾಗ ಎಡಗೈ ಮೇಲೆ ಎತ್ತಲು ಆಗದೆ ಹಲ್ಲು ಕಚ್ಚಿದ್ದನ್ನು ನಾನು ಕಂಡೆ. ಏನು ಎಂದರೆ “ಪಿತ್ತ” ಎಂದಳು. ಅಲ್ಲಿಂದ ಎಲ್ಲರಿಗೂ ಪಿತ್ತವೇ. ಸೊರಗಿದಳು, ಪಿತ್ತ. ಊಟ ಬಿಟ್ಟಳು, ಪಿತ್ತ. ಮುಂಡರಗಿಯ ಅರ್ಧ ಊರಿನ ಹೆಂಗಸರು ನಮ್ಮ ಮನೆಗೆ ಜೀರಗಿ ಕಷಾಯ ಹೊತ್ತು ತಂದರು. ಹಿರೇವಡ್ಡಟ್ಟಿಯಿಂದ ಒಬ್ಬಾಕೆ ನಿಂಬೆಹಣ್ಣು ಮಂತ್ರಿಸಿಕೊಂಡು ಬಂದಳು. ಗಂಡಸರಂತೂ ಏನು ಬೇನೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಹೆಂಗಸರ ಬೇನೆ ಹೆಂಗಸರಿಗೆ ಬಿಟ್ಟದ್ದು. ಹೆಂಗಸರು ಅದನ್ನು ದೇವರಿಗೆ ಬಿಟ್ಟರು. ಕುಪ್ಪಸಕ್ಕೆ ಕಲೆ ಹತ್ತಿ, ವಾಸನೆ ಬಂದು, ಇನ್ನು ಮುಚ್ಚಿಡಲು ಆಗುವುದಿಲ್ಲ ಎಂದಾದ ಮೇಲೆ ಹುಬ್ಬಳ್ಳಿಗೆ ಒಯ್ದರು. ಅಲ್ಲಿಯ ಡಾಕ್ಟರು ಚಿಗವ್ವನನ್ನು ಹೊರಗೆ ಕೂಡಿಸಿ ಚಿಗಪ್ಪನನ್ನು ಬಾಯಿಗೆ ಬಂದ ಹಾಗೆ ಬೈದರಂತೆ. ಬೈದು ಏನು ಬಂತು?

ಕೊನೆಯ ದಿನಗಳಲ್ಲಿ ಅವಳ ಕಾಲು ಒತ್ತುತ್ತ ಕೂತು ನಾನೂ ಕೇಳಿದೆ. “ಯಾಕ ಹೇಳಲಿಲ್ಲ ಚಿಗವ್ವಾ? ನನಗರ ಹೇಳಬಾರದಿತ್ತೇನು?”

“ಹೆಂಗ ಹೇಳಲಿ ಹುಡುಗಿ? ಬಾಯಿ ಬರಲಿಲ್ಲ ನನಗ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅದಕ್ಕ ಕುಪ್ಪಸದ ಹೊಲಿಗಿ ಬಿಚ್ಚಿ ಇಟ್ಟಿದ್ದೆ. ಯಾರರ ನೋಡಿ ಕೇಳ್ತೀರಿ, ಕೇಳಿದ್ರ ಹೇಳಿಬಿಡಬೇಕಂತಿದ್ದೆ. ನೀ ಹೊಲದಬಿಟ್ಟಿ” ಎಂದಳು. ಬೈಯುವ ದನಿಯಲ್ಲಿ ಅಲ್ಲ. ಹಾಲು ಉಕ್ಕಿತು ಅನ್ನುವ ಹಾಗೆ ಹೇಳಿದಳು. ಬೈದಿದ್ದರೆ ನನಗೆ ಇಷ್ಟು ವರ್ಷ ಸಿಟ್ಟು ಉಳಿಯುತ್ತಿರಲಿಲ್ಲವೋ ಏನೋ.

ಈಗ ತಿಳಿಯಿತೇ ಅಂಗಳಕ್ಕೆ ಯಾಕೆ ಒಗೆದೆ ಅಂತ? ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಅಜ್ಜಿಯ ಮೇಲೆ, ಅವಳ ಕಾನೂನಿನ ಮೇಲೆ. ಒಂದೇ ಕೋಣೆಯಲ್ಲಿ ಮಲಗಿಯೂ ತಂಗಿಯ ಮೈಯಲ್ಲಿ ಏನಾಗಿದೆ ಎಂದು ಕೇಳದ ಅವ್ವನ ಮೇಲೆ. ಗಂಡ ಅನ್ನಿಸಿಕೊಂಡ ಚಿಗಪ್ಪನ ಮೇಲೆ. ಕಷಾಯ ತಂದ ಮಂದಿಯ ಮೇಲೆ. ಹೌದು, ಚಿಗವ್ವನ ಮೇಲೂ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ನಾನು ಮಾಡುತ್ತೇನೆ. ಬಾಯಿ ಬರಲಿಲ್ಲವಂತೆ! ಮಾರ್ಕೆಟ್ಟಿನಲ್ಲಿ ಕಾಯಿಪಲ್ಯದವಳ ಜೊತೆ ಜಗಳಕ್ಕೆ ನಿಂತರೆ ಓಣಿಯೆಲ್ಲ ಕೂಡುತ್ತಿತ್ತು, ಅಂಥ ಬಾಯಿ ಅವಳದು. ಮತ್ತೆ ಎಲ್ಲಕ್ಕಿಂತ ಹೆಚ್ಚು, ಆ ನೆಟ್ಟಗಿನ ಹೊಲಿಗೆ ಹಾಕಿದ ಈ ಎರಡು ಕೈಗಳ ಮೇಲೆ.

ಇಷ್ಟೆಲ್ಲ ಕಂಡವಳು ನೀನು, ಪ್ರತಿ ವರ್ಷ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುತ್ತಿರಬೇಕು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ನಮ್ಮ ಶಾಲೆಯಲ್ಲಿ ಆರೋಗ್ಯದ ಕಾರ್ಯಕ್ರಮಗಳೆಲ್ಲ ನನ್ನ ಕೊರಳಿಗೇ. ತಾಯಂದಿರ ಸಭೆ ಕರೆದು ಮೈಕು ಹಿಡಿದು, “ಸ್ತನ ಕ್ಯಾನ್ಸರಿಗೆ ಹೆದರಬೇಡಿರಿ, ಬೇಗ ಕಂಡುಹಿಡಿದರೆ ಬೇಗ ವಾಸಿ” ಎಂದು ಎಷ್ಟು ಸಲ ಭಾಷಣ ಬಿಗಿದಿದ್ದೇನೋ! ಮೈಕಿನ ಮುಂದೆ ‘ಸ್ತನ’ ಅನ್ನಲು ನನಗೆ ಏನೂ ತ್ರಾಸಿಲ್ಲ, ಅದು ಪಾಠದ ಪುಸ್ತಕದ ಶಬ್ದ, ಯಾರ ಮೈಯಲ್ಲೂ ಇರುವುದಲ್ಲ. ಸಭೆಗೆ ಬಂದ ನರ್ಸಮ್ಮ, “ಮೇಡಂ, ನೀವೂ ಒಂದ್ಸಲ ಬರ್ರಿ” ಎಂದರೆ ಮಾತ್ರ ನನಗೆ ಪರೀಕ್ಷೆಯ ಪೇಪರು ತಿದ್ದುವುದಿರುತ್ತಿತ್ತು. ಪೇಪರು ಇಲ್ಲದಿದ್ದರೆ ಶ್ರಾವಣ. ಶ್ರಾವಣ ಮುಗಿದರೆ ಯಾರದೋ ಮದುವೆ. ಒಮ್ಮೆ ಶಾಲೆಯ ಆವರಣಕ್ಕೇ ತಪಾಸಣೆಯ ವ್ಯಾನು ಬಂದಾಗ ನಾನು ಎರಡು ತಾಸು ಪ್ರಯೋಗಾಲಯದಲ್ಲಿ ಕೂತು ಗಾಜಿನ ನಳಿಕೆಗಳನ್ನು ತೊಳೆದೆ. ಅಷ್ಟು ಸ್ವಚ್ಛವಾಗಿ ಅವು ಹಿಂದೆಂದೂ ಇರಲಿಲ್ಲ. ತೋರಿಸಿದರೆ ಇರುತ್ತದೆ, ತೋರಿಸದಿದ್ದರೆ ಇರುವುದಿಲ್ಲ: ಇದು ಎಂ.ಎಸ್ಸಿ. ಮಾಡಿದ ವಿಜ್ಞಾನದ ಮಾಸ್ತರತಿಯ ತರ್ಕ.

ಇದನ್ನೆಲ್ಲ ವೈನಿಗೆ ಹೇಳಿದೆ. ಚಿಗವ್ವ ಹೋದ ಮೇಲೆ ಮದುವೆಯಾಗಿ ಬಂದವಳು ಅವಳು, ಅವಳಿಗೆ ಗೊತ್ತಿದ್ದದ್ದೂ ಪಿತ್ತವೇ. ಕೇಳಿ ಎದ್ದು ಹೋಗಿ ಅಂಗಳದಿಂದ ಕುಪ್ಪಸ ತಂದಳು, ಮಣ್ಣು ಜಾಡಿಸಿದಳು, ಮಡಚಿ ಟ್ರಂಕಿನ ಮೇಲಿಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ಸುಮಾ, ನನಗೂ ಬಲಗಡೆ ಏನೋ ಆಗೇತಿ. ಕಡ್ಲಿಕಾಳಿನಷ್ಟು. ಜಳಕಾ ಮಾಡುವಾಗ ಕೈಗೆ ಹತ್ತತೈತಿ.”

“ಎಷ್ಟು ದಿನಾ ಆತು?”

“ಎರಡು ತಿಂಗಳಾತು.”

ನಾನು ಒದರಿದೆ. ಏನೇನು ಒದರಿದೆ ಎಂದು ನೆನಪಿಲ್ಲ. ಬುದ್ಧಿ ಇಲ್ಲವೇ, ಎರಡು ತಿಂಗಳು ಏನು ಕತ್ತೆ ಕಾಯುತ್ತಿದ್ದಿರಾ, ಅಣ್ಣನಿಗೆ ಹೇಳಲು ಏನು ಧಾಡಿ ಎಂದೆಲ್ಲ. ವೈನಿ ನನ್ನ ಗಂಟಲು ಸೋಲುವವರೆಗೆ ಕಾದಳು.

“ಆತಿಲ್ಲ? ಈಗ ನಾ ಕೇಳ್ತೇನಿ, ಹೇಳು. ಊರ ಮಂದಿಗೆಲ್ಲಾ ಭಾಷಣಾ ಮಾಡ್ತಿ. ನೀ ತೋರಿಸೀಯೇನು?”

ನಾನು ಟ್ರಂಕಿನ ಚಿಲಕ ನೋಡಿದೆ.

“ಹೇಳಬೇ.”

“ಇಲ್ರಿ ವೈನಿ.”

“ಹಂಗಾರ ನಾಳೆ ಹೋಗೂಣು. ಮೊದಲ ನೀ ಒಳಗ ಹೋಗು. ನೀ ಹೊರಗ ಬಂದಮ್ಯಾಲೆ ನಾ ಹೋಗ್ತೇನಿ. ನೀ ಹೋಗಲಿಲ್ಲಂದ್ರ ನಾನೂ ಇಲ್ಲ, ನೋಡು ಮತ್ತ.”

ಮರುದಿನ ಅಣ್ಣನಿಗೆ, ಗದುಗಿಗೆ ಹಬ್ಬದ ಸೀರೆ ತರಲು ಹೋಗುತ್ತೇವೆ ಎಂದು ಸುಳ್ಳು ಹೇಳಿದೆ. ಹೇಳಿದ್ದು ವೈನಿಯಲ್ಲ, ನಾನು. ಆ ಮನೆಯ ನೀರು ಕುಡಿದವಳಲ್ಲವೇ? ಅಣ್ಣನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಬರುವಾಗ ಬದ್ನಿಕಾಯಿ ಭಜಿ ಕಟ್ಟಿಸ್ಕೊಂಡ ಬರ್ರಿ” ಎಂದು ಕಳಿಸಿದ. ಬಸ್ಸು ಡಂಬಳ ದಾಟಿದ ಮೇಲೆ ವೈನಿ ನನ್ನ ಕೈ ಹಿಡಿದಳು. ಹೆದರಬೇಡ ಎಂದು ಅವಳೇ ನನಗೆ ಧೈರ್ಯ ಹೇಳಿದಳು. ಗಂಟು ಇದ್ದದ್ದು ಅವಳಿಗೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನನ್ನ ಹೆಸರು ಕರೆದ ಹುಡುಗಿ ನನ್ನನ್ನು ನೋಡಿ, “ಮೇಡಂ! ನೀವು!” ಎಂದಳು. ನಮ್ಮ ಶಾಲೆಯಲ್ಲೇ ಓದಿದವಳು. ಹೆಸರು ನೆನಪಾಗಲಿಲ್ಲ, ಮೂರನೇ ಬೆಂಚಿನಲ್ಲಿ ಕೂರುತ್ತಿದ್ದದ್ದು ನೆನಪಾಯಿತು. “ನಿಮ್ಮ ಭಾಷಣಾ ಕೇಳೇ ನಮ್ಮವ್ವಗ ಜಬರ್ದಸ್ತಿ ಮಾಡಿ ಕರಕೊಂಡ ಬಂದಿದ್ದೆರಿ. ನೀವು ಪ್ರತಿ ವರ್ಷಾ ಎಲ್ಲಿ ಮಾಡಸ್ತಿದ್ರಿ ಮೇಡಂ?” ಎಂದು ಕೇಳಿದಳು. ಮುಗ್ಧವಾಗಿ ಕೇಳಿದ ಪ್ರಶ್ನೆ. ನಾನು ಕೆಮ್ಮಿದೆ.

ಕುಪ್ಪಸ ತೆಗೆದು ಅವರು ಕೊಟ್ಟ ಗೌನು ಹಾಕಿಕೊಳ್ಳಬೇಕು. ಐವತ್ತಮೂರು ವರ್ಷದ ಹೆಂಗಸು, ಎರಡು ಹಡೆದವಳು, ಗೌನಿನ ಕಸೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತೆ. ಹುಡುಗಿ ಮೆಲ್ಲಗೆ ಭುಜ ಹಿಡಿದು ಮೆಷಿನ್ನಿನ ಹತ್ತಿರ ನಿಲ್ಲಿಸಿ, ಒಂದು ಹಲಗೆಯಂಥದರ ಮೇಲೆ ಎದೆ ಇಟ್ಟು, ಮೇಲಿನಿಂದ ಇನ್ನೊಂದು ಪಾರದರ್ಶಕ ಹಲಗೆ ಇಳಿಸಿದಳು. ಬಿಗಿಯಿತು. “ಉಸುರು ಹಿಡೀರಿ ಮೇಡಂ... ಬಿಡ್ರಿ. ಆತು.” ಎರಡು ಕಡೆ, ಎರಡೆರಡು ಸಲ. ಅವುಚಿ ಹಿಡಿದಂಥ ನೋವು, ಬಳೆಗಾರ ಬಿಗಿ ಬಳೆ ಏರಿಸುವಾಗ ಆಗುವಷ್ಟು. ಮುಗಿಯಿತು.

ಮುಗಿಯಿತು ಎಂದರೆ ನನಗೆ ನಂಬಿಕೆ ಬರಲಿಲ್ಲ. “ಇಷ್ಟೇ ಏನು?” ಎಂದೆ.

“ಇಷ್ಟೇ ರಿ.”

ಹೊರಗೆ ಬಂದಾಗ ನನ್ನ ಮುಖ ಕೆಂಪಾಗಿತ್ತಂತೆ. ವೈನಿ ಎದ್ದು ನಿಂತು, “ಭಾಳ ನೋವಾತೇನ?” ಎಂದಳು.

“ನೋವ ಆಗಲಿಲ್ರಿ! ಅದಕ್ಕ ಮೈ ಉರ್ಯಾಕತ್ತೈತಿ! ಇಷ್ಟಕ್ಕ ನಾ ಇಷ್ಟು ವರ್ಷ ಸತ್ತೆ! ಹೋಗ್ರಿ ಒಳಗ!” ಎಂದೆ. ಕಾಯುತ್ತ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ವೈನಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು, ಬೀಗರ ಮನೆಗೆ ಹೋಗುವ ಹಾಗೆ.

ಅವಳು ಬೇಗ ಹೊರಗೆ ಬರಲಿಲ್ಲ. ಮೆಷಿನ್ನಿನ ಪರೀಕ್ಷೆಯಾಗಿ, ಸ್ಕ್ಯಾನಿಂಗ್ ಆಗಿ, ಸೂಜಿ ಹಾಕಿ ಗಂಟಿನ ಚೂರು ತೆಗೆದರು. ನಾನು ಹೊರಗೆ ಕೂತು ಗೋಡೆಯ ಮೇಲಿನ ಚಿತ್ರಗಳನ್ನು ಓದಿದೆ, ಎಲ್ಲವೂ ನಾನು ಮೈಕಿನಲ್ಲಿ ಹೇಳುತ್ತಿದ್ದ ಮಾತುಗಳೇ. ಕೆಲವು ದಿನ ಬಿಟ್ಟು ಬಂದು ರಿಪೋರ್ಟ್ ಒಯ್ಯಲು ಹೇಳಿದರು.

ನನ್ನದರಲ್ಲಿ ಏನೂ ಇರಲಿಲ್ಲ. ಮುಂದೆಯೂ ತಪ್ಪಿಸದೆ ತೋರಿಸುತ್ತಿರಿ ಎಂದರು. ವೈನಿಯದು ಕ್ಯಾನ್ಸರ್. ಲೇಡಿ ಡಾಕ್ಟರು ವೈನಿಯನ್ನೇ ಎದುರಿಗೆ ಕೂಡಿಸಿಕೊಂಡು ಹೇಳಿದರು: “ಸಣ್ಣದೈತ್ರಿ. ಬಗಲಾಗ ಹೋದಂಗ ಕಾಣಸೂದಿಲ್ಲ. ಆಪರೇಶನ್ ಮಾಡಿ ತೆಗೀಬೇಕು, ಆಮ್ಯಾಲೆ ಔಷಧಾ ಕೊಡ್ತಾರ. ನೀವು ಜಲ್ದಿ ಬಂದ್ರಿ, ಚೊಲೊ ಆತು.” ವೈನಿ ತಲೆಯಾಡಿಸಿದಳು. ಜಲ್ದಿ ಅನ್ನುವ ಮಾತು ಕೇಳಿ ನಾನು ಅತ್ತೆ. ಅವಳು ಅಳಲಿಲ್ಲ.

ಅಣ್ಣನಿಗೆ ಅಂದೇ ಹೇಳಿದೆವು. ಅಂಗಡಿ ಮುಚ್ಚಿ ಬಂದ. ಅವನನ್ನು ಕೆಟ್ಟವನು ಅನ್ನಲಾರೆ. ಹುಬ್ಬಳ್ಳಿಗೆ ಫೋನು ಮಾಡಿದ, ದಿನ ಗೊತ್ತು ಮಾಡಿದ, ವೈನಿ ಬೇಡ ಎಂದರೂ ಅವಳ ಕೈಯಿಂದ ಕೊಡ ಕಸಿದುಕೊಂಡು ತಾನೇ ನೀರು ತುಂಬಿದ. ಆದರೆ ಒಂದು ಮಾತು ಹೇಳಿದ: “ಹೊರಗ ಯಾರಿಗೂ ಖಬರ ಆಗೂದ ಬ್ಯಾಡ. ಎಂಥಾ ಬ್ಯಾನಿ ಅಂತ ಮಂದಿ ಮುಂದ ಹೆಂಗ ಹೇಳೂದು?” ನನಗೆ ಸಿಟ್ಟು ನೆತ್ತಿಗೇರಿತು. ವೈನಿ ನನ್ನ ಮೊಣಕೈ ಚಿವುಟಿ ಸುಮ್ಮನಿರಿಸಿದಳು.

ಎರಡು ದಿನ ಬಿಟ್ಟು ಸೊರಟೂರಿನ ಬೀಗರು ಬಂದರು, ಅಣ್ಣನ ಮಗಳನ್ನು ಕೊಟ್ಟ ಮನೆಯವರು. ಗಂಡ, ಹೆಂಡತಿ, ಜೊತೆಗೆ ಹಿರಿಯರಿಬ್ಬರು. ಅವರ ಹೊಸ ಮನೆಯ ಪ್ರವೇಶಕ್ಕೆ ಕರೆಯಲು ಬಂದಿದ್ದರು. ಪ್ರವೇಶ ಇದ್ದದ್ದೂ ಆಪರೇಶನ್ನಿನ ವಾರವೇ. ಪಡಸಾಲೆಯಲ್ಲಿ ಅಣ್ಣ ಜಮಖಾನೆ ಹಾಸಿ ಕೂಡಿಸಿದ. ಬರಲು ಆಗುವುದಿಲ್ಲ ಎನ್ನಬೇಕಾಯಿತು, ಯಾಕೆ ಎಂದು ಅವರು ಕೇಳಿಯೇ ಕೇಳಿದರು.

“ಅದು... ಇಕೀದು ಕಣ್ಣಿನ ಆಪರೇಶನ್ ಐತ್ರಿ. ಪೊರಿ ಬಂದಾವ” ಎಂದ ಅಣ್ಣ.

ವೈನಿ ಚಹಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬರುತ್ತಿದ್ದಳು. ಹಿಂದೆ ನಾನು ಚೂಡಾದ ಬಶಿ ಹಿಡಿದಿದ್ದೆ. ಅವಳು ಹೊಸ್ತಿಲಲ್ಲಿ ನಿಂತಳು. ಇಪ್ಪತ್ತಾರು ವರ್ಷದಲ್ಲಿ ಆ ಪಡಸಾಲೆಯ ಗಂಡಸರ ಮುಂದೆ ಅವಳು ಬಾಯಿಬಿಟ್ಟು ನಾಲ್ಕು ಮಾತಾಡಿದ್ದನ್ನು ನಾನು ಕಂಡಿಲ್ಲ.

“ಕಣ್ಣಲ್ರಿ, ನನ್ನ ಕಣ್ಣು ಚೊಲೊ ಅದಾವು” ಎಂದಳು. “ಮೊಲಿಯೊಳಗ ಕ್ಯಾನ್ಸರ್ ಗಂಟು ಐತಿ. ಬಲಗಡೆ. ಸಣ್ಣದೈತಿ, ತೆಗಿತಾರ. ಚಹಾ ತಗೋರಿ, ಆರತೈತಿ.”

ಯಾರ ಕೈಯೂ ಕಪ್ಪಿಗೆ ಹೋಗಲಿಲ್ಲ. ಹಿರಿಯರಿಬ್ಬರೂ ಜಮಖಾನೆಯ ಹೂವು ಎಣಿಸತೊಡಗಿದರು. ಅಣ್ಣನ ಕಿವಿ ಕೆಂಪಾಯಿತು.

“ಏ... ಮಂದಿ ಮುಂದ ಏನಿದು ನಿಂದು?” ಎಂದ, ಹಲ್ಲಿನ ಸಂದಿಯಿಂದ.

“ಮಂದಿ ಮುಂದ ನಾಚಿಕೊಂಡ ಈ ಮನ್ಯಾಗ ಒಬ್ಬಾಕಿ ಸತ್ತಾಳ್ರೀ” ಎಂದಳು ವೈನಿ. “ನಾ ಸಾಯೂದಿಲ್ಲ.”

ತಟ್ಟೆ ಇಟ್ಟು ಒಳಗೆ ಹೋದಳು. ಅಣ್ಣ ತಾನೇ ಎದ್ದು ಬೀಗರಿಗೆ ಒಂದೊಂದೇ ಕಪ್ಪು ಎತ್ತಿ ಕೊಟ್ಟ. “ಮುಂದಿನ ವಾರ ಹುಬ್ಬಳ್ಯಾಗ ಆಪರೇಶನ್ ಐತ್ರಿ. ಅಕಿ ಹೇಳಿದ್ದ ಖರೆ” ಎಂದ.

ಬೀಗತಿ ಕಪ್ಪು ಮುಟ್ಟಲಿಲ್ಲ. ಗಂಡನ ಕಡೆ ಒಮ್ಮೆ ನೋಡಿ, ಎದ್ದು, ಸೆರಗು ಹೊದ್ದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಗುಸುಗುಸು ಕೇಳಿಸಿತು, ಒಂದು ಶಬ್ದವೂ ತಿಳಿಯಲಿಲ್ಲ. ಆಮೇಲೆ ವೈನಿಯ ದನಿ ಇಡೀ ಪಡಸಾಲೆಗೆ ಕೇಳುವ ಹಾಗೆ ಬಂತು:

“ಎಷ್ಟು ದಿನಾ ಆತ್ರಿ? ಜೋರ ಹೇಳ್ರಿ, ಯಾಕ ಪಿಸುಗುಡತೀರಿ?”